ಗುರುವಾರದ ಫೋನು

ಅತ್ತೆಯ ಬಗ್ಗೆ ಬರೆಯುವುದಾದರೆ ಅವಳ ಎಡಗಿವಿಯಿಂದಲೇ ಶುರುಮಾಡಬೇಕು. ಅವಳು ಅಪ್ಪನ ಅಕ್ಕ, ನನಗೆ ಸೋದರತ್ತೆ. ನೌಕರಿಯ ಬಹುಪಾಲನ್ನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಕಳೆದವಳು. ಹೆಡ್‌ಸೆಟ್ ಒತ್ತಿ ಒತ್ತಿ ಎಡಗಿವಿಯ ಮೇಲಂಚು ಸ್ವಲ್ಪ ಮಡಚಿಕೊಂಡಿದೆ. ಈಗಲೂ ಯಾರಾದರೂ ಮಾತಾಡಿಸಿದರೆ ತಲೆಯನ್ನು ಆ ಕಡೆಗೆ ವಾಲಿಸಿಯೇ ಕೇಳುತ್ತಾಳೆ.

ಊರಿನ ಅರ್ಧ ಗುಟ್ಟು ಆ ಕಿವಿಯಲ್ಲಿ ಹಾದುಹೋಗಿದೆ. ಯಾರ ಸಂಬಂಧ ಯಾಕೆ ಮುರಿಯಿತು, ಯಾವ ದೊಡ್ಡ ಮನುಷ್ಯ ಯಾರ ಕಾಲಿಗೆ ಬಿದ್ದ, ಯಾರ ಮಗ ಪೊಲೀಸ್ ಠಾಣೆಯಿಂದ ಅಳುತ್ತ ಫೋನು ಮಾಡಿದ, ಎಲ್ಲವೂ ಅವಳಿಗೆ ಗೊತ್ತು. ಚಿಕ್ಕವರಿದ್ದಾಗ ನಾನೂ ಅವಳ ಮಗಳೂ ಆಚೆ ಈಚೆ ಕೂತು ಒಂದೇ ಒಂದು ಹೇಳು ಎಂದು ಸೆರಗು ಜಗ್ಗಿ ಪೀಡಿಸುತ್ತಿದ್ದೆವು. "ಲೈನು ಜೋಡಿಸೋದು ನನ್ನ ಕೆಲಸ ಕಣ್ರೇ. ಮಾತು ಅವರದು" ಎಂದು ನಮ್ಮಿಬ್ಬರ ತಲೆಗೂ ಒಂದೊಂದು ಮೊಟಕುತ್ತಿದ್ದಳು. ಒಮ್ಮೆ ಮಾತ್ರ, ಎಂಥ ಹುಕಿಯಲ್ಲಿದ್ದಳೋ, "ನಾನು ಒಂದು ಮಾತನ್ನ ಹೊಟ್ಟೆಗೆ ಹಾಕ್ಕೊಂಡಿದ್ದಕ್ಕೆ ಒಬ್ಬರ ಜೀವ ಉಳಿದಿದೆ, ಗೊತ್ತಾ?" ಎಂದಳು. ಯಾರದು, ಏನು, ಎಂದು ನಾವು ಬಿದ್ದು ಬಿದ್ದು ಕೇಳಿದರೂ ತುಟಿ ಪಿಟಕ್ಕೆನ್ನಲಿಲ್ಲ.

ಅತ್ತೆಯ ಮಗಳನ್ನು ಲೆಕ್ಕದ ಪ್ರಕಾರ ನಾನು ಅತ್ತಿಗೆ ಎನ್ನಬೇಕು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು ನಾವು, ಅಕ್ಕ ಎಂದೇ ರೂಢಿಯಾಯಿತು. ಅಕ್ಕ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಮಾವ ಬೇಗ ಹೋದ ಮೇಲೆ ತಾಯಿ ಮಗಳು ಇಬ್ಬರೇ, ನಮ್ಮ ಮನೆಯ ಗೋಡೆಗೆ ಗೋಡೆ ಅಂಟಿದ ಮನೆಯಲ್ಲಿ. ಇಬ್ಬರೂ ದಿನಕ್ಕೊಮ್ಮೆಯಾದರೂ ಜಗಳ ಆಡದಿದ್ದರೆ ನಮಗೆ ಊಟ ಸೇರುತ್ತಿರಲಿಲ್ಲ.

ಅತ್ತೆ ನಿವೃತ್ತಳಾದಾಗ ಚರ್ಚಿನ ಪಾದ್ರಿಗಳು ಅವಳಿಗೆ ಹಾಲ್‌ನ ಬೀಗದ ಕೈ ಕೊಟ್ಟರು. ಉದ್ದನೆಯ ಕೋಣೆ, ಎತ್ತರದ ಕಿಟಕಿಗಳು, ಒಂದಕ್ಕೊಂದು ಏರಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳು, ಮೂಲೆಯ ಮೇಜಿನ ಮೇಲೆ ಉದ್ದ ವೈರಿನ ಒಂದು ಹಳೇ ಸ್ಪೀಕರ್ ಫೋನು. ಅಲ್ಲಿ ಪ್ರತಿ ಗುರುವಾರ ಸಂಜೆ ಮಾತುಕತೆ ನಡೆಸಬೇಕೆಂಬುದು ಪಾದ್ರಿಗಳ ಆಸೆ. ಪ್ರವಚನವಲ್ಲ, ಭಾಷಣವಲ್ಲ. ನಂಬಿಕೆ ಇರುವವನು ಓಟು ಹಾಕುವಾಗ ಏನು ನೋಡಬೇಕು, ಕಾನೂನೇ ತಪ್ಪು ಮಾಡಿದರೆ ವಿಧೇಯತೆ ಯಾರಿಗೆ ಸಲ್ಲಬೇಕು, ಇಂಥವು. ಚರ್ಚಿನವರೇ ಆಗಬೇಕೆಂದಿಲ್ಲ, ದೇವರನ್ನು ನಂಬಬೇಕೆಂದೂ ಇಲ್ಲ. ಕುರ್ಚಿಗಳನ್ನು ದುಂಡಗೆ ಹಾಕಬೇಕು, ಯಾರ ಹೆಸರನ್ನೂ ಕೇಳಬಾರದು. ಬಾಗಿಲ ಪಕ್ಕದ ಒಂದು ಕುರ್ಚಿ ಯಾವಾಗಲೂ ಖಾಲಿ ಇರಬೇಕು, ಯಾರೇ ಬರಲಿ ಅದು ಅವರದು. ಬಿಸ್ಕತ್ತು ತಿನ್ನುವ ನೆಪವಾಯಿತು, ಬಿಡಿ ಎಂದು ನಾನು ನಕ್ಕಿದ್ದೆ. ಒಮ್ಮೆ ಹೋದ ಮೇಲೆ ಬಿಡಲಾಗಲಿಲ್ಲ. ಹೊರಗೆ ಮಾತಾಡಲು ಹಿಂದೆ ಮುಂದೆ ನೋಡುವ ಕಾಲದಲ್ಲಿ ಜನ ಅಲ್ಲಿ ಮನಸ್ಸು ಬಿಚ್ಚುತ್ತಿದ್ದರು.

ಶಾಲೆಯ ಟೀಚರಮ್ಮ ಬರುತ್ತಿದ್ದರು, ದೇವರೇ ಇಲ್ಲ ಎಂದು ಪಾದ್ರಿಗಳ ಎದುರೇ ವಾದಿಸುವವರು. ಸಿಟಿ ಬಸ್ಸಿನ ಡ್ರೈವರ್ ಬರುತ್ತಿದ್ದ. ಅವನು ಏನು ಹೇಳಿದರೂ "ನಮ್ಮ ಚಿಕ್ಕಪ್ಪನ ಅಭಿಪ್ರಾಯ ಏನಂದ್ರೆ" ಎಂದೇ ಶುರುಮಾಡುವುದು. ಮನೆಯಲ್ಲಿ ಕೂತ ಆ ಚಿಕ್ಕಪ್ಪ ಎಂದೂ ಹೊರಗೆ ಬಂದವರಲ್ಲ. ವಾದಗಳನ್ನು ಮಾತ್ರ ಅಣ್ಣನ ಮಗನ ಕೈಯಲ್ಲಿ ಕಟ್ಟಿ ಕಳಿಸುತ್ತಿದ್ದರು. "ಚಿಕ್ಕಪ್ಪನ ಟಿಕೆಟ್ಟೂ ತಗೊಂಡ್ರಾ?" ಎಂದು ಟೀಚರಮ್ಮ ಛೇಡಿಸಿದರೆ ಎಲ್ಲರೂ ನಗುತ್ತಿದ್ದರು. ಅತ್ತೆ ಮಾತ್ರ ಎದ್ದು ಬಿಸ್ಕತ್ತಿನ ಡಬ್ಬಿ ತರಲು ಹೋಗುತ್ತಿದ್ದಳು.

ಇದಕ್ಕೆ ಅತ್ತೆ ತನ್ನದೂ ಒಂದು ಪದ್ಧತಿ ಸೇರಿಸಿದಳು. ಚರ್ಚಿನಲ್ಲಿ ಗಾಯನ ಕಲಿಸುತ್ತಿದ್ದ ಹಾಡಿನ ಮೇಷ್ಟ್ರಿಗೆ ಲಕ್ವ ಹೊಡೆದು ಮಾತು ನಿಂತುಹೋಗಿತ್ತು. ಮಲಗಿದಲ್ಲೇ ಮಲಗಿದ್ದರು, ಬಲಗೈ ಮಾತ್ರ ನಿಧಾನಕ್ಕೆ ಆಡುತ್ತಿತ್ತು. ಚಿಕ್ಕಂದಿನಲ್ಲಿ ಅತ್ತೆಗೆ ಸ್ವರ ಹಿಡಿಯಲು ಕಲಿಸಿದವರೇ ಅವರು. ಗುರುವಾರ ಎಲ್ಲರೂ ಕೂತ ಮೇಲೆ ಅತ್ತೆ ಮೇಷ್ಟ್ರ ದಿಂಬಿನ ಪಕ್ಕದ ಮೊಬೈಲಿಗೆ ಹಾಲ್‌ನ ಫೋನಿನಿಂದ ಕರೆ ಮಾಡಿ, ಸ್ಪೀಕರ್ ಹಾಕಿ, ಫೋನನ್ನು ಮಡಚಿದ ಟವೆಲ್ಲಿನ ಮೇಲೆ ನಮ್ಮ ನಡುವೆ ತಂದಿಡುತ್ತಿದ್ದಳು. "ಮೇಷ್ಟ್ರೇ, ಕೇಳಿಸ್ತಾ?" ಎನ್ನುವಳು. ಹೌದು ಎಂದರೆ ಮೊಬೈಲಿನ ಮೇಲೆ ಬೆರಳಿನ ಎರಡು ತಟ್ಟು, ಇಲ್ಲ ಎಂದರೆ ಒಂದು. ಟಕ್... ಸ್ವಲ್ಪ ತಡೆದು ಮತ್ತೊಂದು ಟಕ್. ಮೇಷ್ಟ್ರು ತಟ್ಟದೆ ನಮ್ಮಲ್ಲಿ ಮಾತು ಶುರುವಾಗುತ್ತಿರಲಿಲ್ಲ. ಕೊನೆಯಲ್ಲಿ ಮತ್ತೆ ಎರಡು ತಟ್ಟು ಕೇಳಿದ ಮೇಲೆಯೇ ಎಲ್ಲರೂ ಏಳುವುದು.

ಮಳೆಗಾಲಕ್ಕೆ ಮುಂಚೆ ಮೇಷ್ಟ್ರ ಮಗ ಹಾಲ್‌ಗೆ ಬಂದ. ಯಾವುದೋ ನಾಯಕರ ಕಚೇರಿಯಲ್ಲಿ ಕೆಲಸ ಅವನಿಗೆ, ಮಾತು ಬೆಣ್ಣೆಯ ಹಾಗೆ. "ಅಪ್ಪಂಗೆ ಸೋಂಕು ಜಾಸ್ತಿಯಾಗಿದೆ ಆಂಟಿ, ಯಾರನ್ನೂ ಒಳಗೆ ಬಿಡಬೇಡಿ ಅಂದಿದ್ದಾರೆ ಡಾಕ್ಟ್ರು. ಫೋನು ಮಾತ್ರ ನಿಲ್ಲಿಸ್ಬೇಡಿ. ಗುರುವಾರಾನೇ ಅವರಿಗೆ ಜೀವ" ಎಂದ. ಅತ್ತೆಯ ಕಣ್ಣಲ್ಲಿ ನೀರು ಬಂತು. ಅದಾದ ಮೇಲಿನ ಗುರುವಾರ ತಟ್ಟು ಬೇರೆಯಾಗಿತ್ತು. ಟಕ್‌ಟಕ್, ಚುರುಕಾಗಿ, ನಡುವೆ ತಡೆಯೇ ಇಲ್ಲ. ಅತ್ತೆಯ ಕಿವಿ ಅದನ್ನು ತಕ್ಷಣ ಹಿಡಿಯಿತು. "ಕೇಳಿದ್ರಾ! ಮೇಷ್ಟ್ರ ಕೈಗೆ ಬಲ ಬರ್ತಿದೆ" ಎಂದು ಮುಖ ಅರಳಿಸಿದಳು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆ ಚಪ್ಪಾಳೆಯನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಮೊದಲು ಟೀಚರಮ್ಮನಿಗೆ ವರ್ಗವಾಯಿತು. ನಾಯಕರ ಸಭೆಗೆ ಶಾಲೆಯ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿದ್ದರ ಬಗ್ಗೆ ಅವರು ಗುರುವಾರ ಮಾತಾಡಿದ್ದರು. ವರ್ಗ ಎಲ್ಲರಿಗೂ ಆಗುತ್ತದೆ, ನಾವು ತಲೆಕೆಡಿಸಿಕೊಳ್ಳಲಿಲ್ಲ. ಆಮೇಲೆ ಡ್ರೈವರನ್ನು ಠಾಣೆಗೆ ಕರೆಸಿದರು. ಅವನು ಮುಂದಿನ ಗುರುವಾರ ಬಂದಾಗ ಮುಖದಲ್ಲಿ ರಕ್ತವೇ ಇರಲಿಲ್ಲ.

"ಬಸ್ಸುಗಳನ್ನ ರ‍್ಯಾಲಿಗೆ ಎಳ್ಕೊಂಡು ಹೋದ್ರು ಅಂತ ಇಲ್ಲಿ ಹೇಳಿದ್ನಲ್ಲ, ಅದನ್ನ ನನಗೇ ಓದಿ ಹೇಳಿದ್ರು. ಒಂದಕ್ಷರ ಬಿಟ್ಟಿಲ್ಲ. ನಾನು ಮಧ್ಯೆ ಮಾಡಿದ ತಮಾಷೆ ಕೂಡ ಹಾಗೇ ಇತ್ತು."

ನಿಧಾನವಾಗಿ ಎಲ್ಲರ ಕಣ್ಣೂ ಬಾಗಿಲ ಪಕ್ಕದ ಕುರ್ಚಿಗೆ ಹೋದವು. ಅಲ್ಲಿ ಕೊಡೆಯಜ್ಜ ಕೂತಿದ್ದ. ಕೆಲವು ತಿಂಗಳಿಂದ ಬರುತ್ತಿದ್ದ ಮುದುಕ. ಬಿಸಿಲಿರಲಿ ಮಳೆಯಿರಲಿ ಕಪ್ಪು ಕೊಡೆ ಕೈಯಲ್ಲೇ. ಒಂದು ಮಾತೂ ಆಡುವವನಲ್ಲ, ಮಾತಾಡುವವರ ಮುಖವನ್ನೇ ದುರುಗುಟ್ಟಿ ನೋಡುವವನು. ನಾವು ನೋಡುತ್ತಿರುವುದು ಕಂಡು ಅವನು ಹಲ್ಲಿಲ್ಲದ ಬಾಯಲ್ಲಿ ನಕ್ಕ.

ಅಕ್ಕನ ವಿಷಯ ಬಂದದ್ದು ಇದೇ ಸಮಯಕ್ಕೆ. ಮಿಲ್ಲಿನ ಮುಷ್ಕರದಲ್ಲಿ ಹಿಡಿದ ಒಬ್ಬ ಹುಡುಗನನ್ನು ಪೊಲೀಸ್ ವ್ಯಾನಿನಲ್ಲಿ ಆಸ್ಪತ್ರೆಗೆ ತಂದಿದ್ದರು. ಅವನು ತನ್ನ ಕಾಲ ಮೇಲೆ ನಡೆದು ಒಳಗೆ ಬಂದ, ಅಕ್ಕನ ಹತ್ತಿರ ನೀರು ಕೇಳಿ ಕುಡಿದ. ಆಮೇಲೆ ಅವನನ್ನು ಕೊನೆಯ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಪಾಳಿ ಮುಗಿಯುವಷ್ಟರಲ್ಲಿ ಅವನ ಮೈಮೇಲೆ ಬಿಳಿ ಬಟ್ಟೆ ಬಿದ್ದಿತ್ತು. ತರುವಾಗಲೇ ಉಸಿರಿರಲಿಲ್ಲ ಎಂದು ಹೇಳಬೇಕೆಂದು ಎಲ್ಲ ನರ್ಸುಗಳಿಗೂ ತಾಕೀತಾಯಿತು. ಹುಡುಗನ ತಾಯಿ ದಿನಾ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಬಂದು ಹೋಗುವವರನ್ನೆಲ್ಲ ನನ್ನ ಮಗ ಕೊನೆಗೆ ಏನಾದರೂ ಹೇಳಿದನಾ ಎಂದು ಕೇಳುತ್ತಿದ್ದಳು. ಅಕ್ಕ ಹಿಂದಿನ ಬಾಗಿಲಿಂದ ಓಡಾಡತೊಡಗಿದಳು.

"ಅಮ್ಮಾ, ನೀರು ಕೇಳಿದ ಅಂತ ಆ ತಾಯಿಗೆ ನಾನು ಹೇಳ್ಬೇಕು. ಒಬ್ಬಳೇ ಹೋಗಿ ಹೇಳಿದ್ರೆ ನನ್ನನ್ನೂ ಮುಗಿಸ್ತಾರೆ. ಗುರುವಾರ ಎಲ್ಲರೆದುರು ಹೇಳ್ತೀನಿ. ಫಾದರ್ ಜೊತೆಗಿದ್ರೆ ಧೈರ್ಯ ಬರುತ್ತೆ" ಎಂದಳು.

ಅತ್ತೆ ತಲೆ ವಾಲಿಸಿಕೊಂಡೇ ಎಲ್ಲವನ್ನೂ ಕೇಳಿದಳು. ಬೇಡ ಎನ್ನುತ್ತಾಳೆಂದು ನಾನು ಕಾದೆ. "ಹೇಳು. ಬಾಗಿಲು ನಾನು ನೋಡ್ಕೋತೀನಿ" ಎಂದಳು.

ನೋಡಿಕೊಂಡಳು ಕೂಡ. ಆ ಗುರುವಾರ ಬಾಗಿಲ ಪಕ್ಕದ ಖಾಲಿ ಕುರ್ಚಿಯನ್ನು ಎತ್ತಿ ಒಳಗಿಟ್ಟಳು. ಕೊಡೆಯಜ್ಜ ಬಂದಾಗ ಹೊಸ್ತಿಲಲ್ಲೇ ಕೈ ಅಡ್ಡ ಹಿಡಿದಳು. ಅಜ್ಜನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕೊಡೆಯನ್ನು ಎದೆಗೆ ಅವಚಿಕೊಂಡ. "ನನಗೆ ಕಿವಿ ಕೇಳಲ್ಲಮ್ಮ, ಒಂದು ಚೂರೂ ಕೇಳಲ್ಲ. ಮನೇಲಿ ಯಾರೂ ಇಲ್ಲ. ಮುಖ ನೋಡೋಕೆ ಬರ್ತೀನಿ, ಅಷ್ಟೇ" ಎಂದ.

"ಇಂಥ ನಾಟಕ ನಾನು ಎಷ್ಟು ನೋಡಿಲ್ಲ" ಎಂದು ಅತ್ತೆ ಬಾಗಿಲು ಹಾಕಿ ಚಿಲಕ ಜಡಿದಳು. ಮಾತುಕತೆ ಶುರುವಾದಂದಿನಿಂದ ಆ ಚಿಲಕ ಹಾಕಿದ್ದು ಅದೇ ಮೊದಲು. ಪಾದ್ರಿಗಳು ಮುಖ ಸಣ್ಣ ಮಾಡಿಕೊಂಡರು.

ಆಮೇಲೆ ಎಂದಿನಂತೆ ಟವೆಲ್ಲು ಮಡಚಿದಳು, ಫೋನು ಇಟ್ಟಳು. ಮೇಷ್ಟ್ರೇ, ಕೇಳಿಸ್ತಾ? ಟಕ್‌ಟಕ್. ಅಕ್ಕ ಎಲ್ಲವನ್ನೂ ಹೇಳಿದಳು. ಕೊನೆಯ ಕೋಣೆಯೊಳಗೆ ಹೋದವರು ಯಾರು, ಬಾಗಿಲು ಹಾಕಿದವರು ಯಾರು, ತಾಕೀತು ಮಾಡಿದವರು ಯಾರು. ಭಾನುವಾರ ಪ್ರಾರ್ಥನೆ ಮುಗಿಸಿ ಎಲ್ಲರೂ ಜೊತೆಯಾಗಿ ಆ ತಾಯಿಯ ಮನೆಗೆ ಹೋಗುವುದೆಂದು ತೀರ್ಮಾನವಾಯಿತು. ಮೈಮೇಲಿನ ಭಾರ ಇಳಿದಂತಾಗಿ ಅಕ್ಕ ಅಳುತ್ತಳುತ್ತಲೇ ನಕ್ಕಳು. ಅತ್ತೆ ಹೆಮ್ಮೆಯಿಂದ ಅವಳ ತಲೆ ಸವರಿದಳು. ಮುಗಿಸುವಾಗ ಮತ್ತೆ ಕೇಳಿದಳು, ಮತ್ತೆ ಎರಡು ತಟ್ಟು ಬಂತು.

ಶನಿವಾರ ಬೆಳಿಗ್ಗೆ ಅಕ್ಕ ಊಟದ ಡಬ್ಬಿ ಹಿಡಿದು ಡ್ಯೂಟಿಗೆ ಹೋದಳು. ಡಬ್ಬಿಯ ಪಲ್ಯಕ್ಕೆ ಉಪ್ಪು ಜಾಸ್ತಿಯಾಗಿದೆ ಎಂದು ತಾಯಿಯ ಹತ್ತಿರ ಜಗಳವಾಡಿಕೊಂಡೇ ಹೋದದ್ದು. ಸಂಜೆ ಬರಲಿಲ್ಲ. ಆಸ್ಪತ್ರೆಯಲ್ಲಿ ಕೇಳಿದರೆ ಅವಳು ಬಂದೇ ಇಲ್ಲ ಎಂದರು. ಠಾಣೆಯಲ್ಲಿ, ವಯಸ್ಸಿಗೆ ಬಂದ ಹೆಣ್ಣು ಎಲ್ಲಿಗಾದರೂ ಹೋಗಿರಬಹುದು ಎಂದು ಹಲ್ಲು ಕಿರಿದರು. ಭಾನುವಾರ ಪ್ರಾರ್ಥನೆಯೂ ಮುಗಿಯಿತು, ಆ ತಾಯಿಯ ಮನೆಗೆ ಯಾರೂ ಹೋಗಲಿಲ್ಲ. ಅತ್ತೆ ಠಾಣೆಯ ಬೆಂಚಿನಲ್ಲಿ ಬೆಳಗಿನಿಂದ ಬೈಗಿನವರೆಗೆ ಕೂತಳು. ನಾನು ಕೂಗಾಡಿದೆ, ಅಪ್ಪ ಕೈ ಮುಗಿದರು, ಕಲ್ಲಿಗೆ ಹೇಳಿದಂತಾಯಿತು.

ಪಾದ್ರಿಗಳು ಅಕ್ಕನನ್ನು ಹುಡುಕುತ್ತ ಪಕ್ಕದ ಊರಿನ ಸಿಸ್ಟರ್‌ಗಳ ಆಶ್ರಮಕ್ಕೂ ಹೋದರು, ಅಲ್ಲಿ ಅಕ್ಕನ ಗೆಳತಿಯೊಬ್ಬಳಿದ್ದಳು. ವಾಪಸು ಬಂದು ಅತ್ತೆಯ ಎದುರು ಕೂತರು.

"ಹಾಡಿನ ಮೇಷ್ಟ್ರು ಅಲ್ಲಿದ್ದಾರಮ್ಮ. ಮಳೆಗಾಲಕ್ಕೆ ಮುಂಚೆಯೇ ಮಗ ತಂದು ಬಿಟ್ಟು ಹೋದನಂತೆ. ಫೋನು ಕಳೆದುಹೋಯ್ತು ಅಂದನಂತೆ. ನಿಮ್ಮ ಮೇಲೆ ಕೋಪ ಮೇಷ್ಟ್ರಿಗೆ. ಗುರುವಾರ ಯಾಕೆ ಫೋನು ಬರ್ತಿಲ್ಲ ಅಂತ ಕೈಯನ್ನ ಕಿವಿಗೆ ಇಟ್ಟು ಇಟ್ಟು ಕೇಳಿದ್ರು."

ಅತ್ತೆ ಅಳಲಿಲ್ಲ. ಎಡಗಿವಿಯನ್ನು ಅಂಗೈಯಿಂದ ಮುಚ್ಚಿಕೊಂಡಳು. "ಚುರುಕಾಗಿತ್ತು. ನನಗೆ ಗೊತ್ತಾಗಿತ್ತು, ತಟ್ಟು ಬದಲಾಗಿದೆ ಅಂತ. ನಾನೇ ಖುಷಿಪಟ್ಟೆ" ಎಂದಳು. ಮೇಷ್ಟ್ರ ಮಗನ ಮನೆಗೆ ನಾನೂ ಡ್ರೈವರೂ ಓಡಿದೆವು. ಬೀಗ ಹಾಕಿತ್ತು. ಮನೆ ಖಾಲಿ ಮಾಡಿ ಎಷ್ಟೋ ದಿನವಾಯಿತು ಎಂದರು ಪಕ್ಕದವರು.

ಗುರುವಾರ ಬಂತು. ಇನ್ನು ಆ ಫೋನನ್ನು ಮುಟ್ಟುವುದೇ ಬೇಡ ಎಂದರು ಪಾದ್ರಿಗಳು. ಅತ್ತೆ ಕುರ್ಚಿ ಹಾಕಿದಳು, ಟವೆಲ್ಲು ಮಡಚಿದಳು, ಕರೆ ಮಾಡಿದಳು. ಆ ಕಡೆ ಎತ್ತಿಕೊಂಡರು.

"ಕೇಳಿಸ್ತಾ?"

ಟಕ್‌ಟಕ್.

"ನೀವು ಮೇಷ್ಟ್ರಲ್ಲ ಅಂತ ನನಗೆ ಗೊತ್ತಾಗಿದೆ. ಕಟ್ ಮಾಡ್ಬೇಡಿ. ನಿಮ್ಮನ್ನ ಏನೂ ಅನ್ನಲ್ಲ." ಅತ್ತೆಯ ದನಿ ಎಕ್ಸ್‌ಚೇಂಜಿನಲ್ಲಿ ಕೂತವಳ ದನಿಯಂತೆ ಸಮವಾಗಿತ್ತು. "ನನ್ನ ಮಗಳು ನಿಮ್ಮವರ ಹತ್ರ ಇದ್ದಾಳಾ?"

ಎಲ್ಲೋ ಫ್ಯಾನು ತಿರುಗುವ ಸದ್ದು. ಆಮೇಲೆ ಟಕ್‌ಟಕ್.

"ಜೀವಂತ ಇದ್ದಾಳಾ?"

ಒಂದು ತಟ್ಟು ಬಂತು. ಒಂದೇ ಎಂದರೆ ಇಲ್ಲ. ಬೇಕೆಂದೇ ತಡೆದವರ ಹಾಗೆ ತಡೆದು, ಎರಡನೆಯದು ಬಂತು. ಅತ್ತೆ ಕುರ್ಚಿಯ ಅಂಚು ಹಿಡಿದುಕೊಂಡಳು. ಮನೆಗೆ ಕಳಿಸ್ತೀರಾ ಎಂದು ಕೇಳಿದ್ದಕ್ಕೆ ಉತ್ತರವೇ ಇರಲಿಲ್ಲ. ಲೈನು ಮಾತ್ರ ಹಾಗೆಯೇ ಇತ್ತು. ಅವರು ಕಾಯುತ್ತಿದ್ದರು. ನಮಗೆ ಮಾತಾಡಲು ಧೈರ್ಯವಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕಟ್ ಆಯಿತು.

ಮುಂದಿನ ವಾರ ಆ ಕಡೆ ಫೋನು ಎತ್ತಲೇ ಇಲ್ಲ. ಅದರ ಮುಂದಿನ ವಾರವೂ ಇಲ್ಲ. ಅತ್ತೆ ಅನ್ನ ಬಿಟ್ಟಳು. ನಮ್ಮ ಮನೆಯ ಗೋಡೆಯಾಚೆ ಅವಳು ಓಡಾಡುವ ಸದ್ದು ಮಾತ್ರ ಕೇಳುತ್ತಿತ್ತು. ಮೂರನೆಯ ವಾರ ಎತ್ತಿದರು, ತಟ್ಟಲಿಲ್ಲ. ಆಗ ಡ್ರೈವರ್ ಎದ್ದು ನಿಂತು, ತನ್ನ ಮೇಲಧಿಕಾರಿ ಹೇಗೆ ಡೀಸೆಲ್ ಕದಿಯುತ್ತಾನೆ ಎಂದು ಗಟ್ಟಿಯಾಗಿ ಹೇಳಿದ. ಅವನು ಕೂತ ಮೇಲೆ ಅತ್ತೆ ತನ್ನ ಪ್ರಶ್ನೆ ಕೇಳಿದಳು. ಟಕ್‌ಟಕ್. ಅವತ್ತು ನಮಗೆಲ್ಲ ತಿಳಿಯಿತು, ತಟ್ಟು ಬೇಕಾದರೆ ಮಾತು ಕೊಡಬೇಕು. ಹೊರಗೆ ಬಂದು ಡ್ರೈವರ್ ಅತ್ತೆಯ ಕೈ ಹಿಡಿದು, "ನಿಮ್ಮ ಮಗಳು ಬರೋವರೆಗೂ ನಾನು ಬರ್ತೀನಿ ಅಮ್ಮ" ಎಂದ.

ಉಳಿದವರು ಒಬ್ಬೊಬ್ಬರೇ ಬರುವುದನ್ನು ನಿಲ್ಲಿಸಿದರು. ಅವರನ್ನು ದೂರುವುದು ಹೇಗೆ? ಒಳಗೆ ಬಂದರೆ ಯಾರಾದರೊಬ್ಬರನ್ನು ಬಿಟ್ಟುಕೊಡಲೇಬೇಕು. ಅತ್ತೆ ಕೊಡೆಯಜ್ಜನ ಮನೆ ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿ ಕರೆತಂದಳು. ಅವನು ಮತ್ತೆ ಬಾಗಿಲ ಪಕ್ಕ ಕೂರತೊಡಗಿದ. ನಮ್ಮ ಮುಖಗಳನ್ನು ನೋಡಿ ಅವನೂ ನಗುವುದನ್ನು ನಿಲ್ಲಿಸಿದ.

ಮೊನ್ನೆ ಗುರುವಾರ ಹಾಲ್‌ನಲ್ಲಿ ಪಾದ್ರಿಗಳು, ಡ್ರೈವರ್, ಕೊಡೆಯಜ್ಜ, ಅತ್ತೆ, ನಾನು, ಇಷ್ಟೇ ಜನ. ಆ ಕಡೆ ಎತ್ತಿದರು. ಡ್ರೈವರ್ ಏನೋ ಹೇಳಿದ, ಹಳೆಯ ಸರಕು. ತಟ್ಟು ಬರಲಿಲ್ಲ. ನಾನು ಕೆಲಸ ಮಾಡುವ ಬ್ಯಾಂಕಿನ ಒಂದು ಸುದ್ದಿ ಹೇಳಿದೆ. ತಟ್ಟು ಬರಲಿಲ್ಲ. ಪಾದ್ರಿಗಳು ಕಣ್ಣು ಮುಚ್ಚಿ ಕೂತಿದ್ದರು. ಅತ್ತೆ "ಜೀವಂತ ಇದ್ದಾಳಾ?" ಎಂದಳು, ಮತ್ತೆ ಅಂದಳು. ಆ ಕಡೆ ಫ್ಯಾನು ತಿರುಗುತ್ತಿತ್ತು.

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡು ಫೋನಿನ ಕಡೆ ಬಗ್ಗಿದಳು.

"ಹಳೇ ಮಾತು ಒಂದಿದೆ. ರೈಲ್ವೆ ಮುಷ್ಕರದ ಕಾಲ. ಠಾಣೆಗೆ ಬೆಂಕಿ ಹಚ್ಚಿದವರಲ್ಲಿ ಒಬ್ಬ ಮಾತ್ರ ಕೊನೇವರೆಗೂ ಸಿಗಲಿಲ್ಲ, ನಿಮ್ಮವರಿಗೆ ನೆನಪಿರಬಹುದು. ಅವತ್ತು ಎಕ್ಸ್‌ಚೇಂಜಿನ ಬೋರ್ಡಿನಲ್ಲಿ ನಾನಿದ್ದೆ. ಅವನನ್ನ ನಮ್ಮ ಮನೆ ಅಟ್ಟಕ್ಕೆ ಹತ್ತಿಸಿದೀನಿ ಅಂತ ಒಬ್ಬರು ತವರಿನಲ್ಲಿದ್ದ ಹೆಂಡತಿಗೆ ಫೋನು ಮಾಡಿದ್ರು. ತಮ್ಮ ಅಂತ ಹೇಳಿ ಮನೇಲಿ ಇಟ್ಕೋತೀನಿ ಅಂದ್ರು."

ಡ್ರೈವರ್ ಮೆಲ್ಲಗೆ ತಲೆಯೆತ್ತಿದ.

"ಅಮ್ಮ" ಎಂದ. "ಅಮ್ಮ, ಬೇಡ."

ಪಾದ್ರಿಗಳು ಎದ್ದು ಫೋನಿನ ಕಡೆ ಕೈ ಚಾಚಿದರು. ಅತ್ತೆ ಅವರ ಮಣಿಕಟ್ಟು ಹಿಡಿದಳು. "ನಿಮಗೆ ಮಕ್ಕಳಿಲ್ಲ ಫಾದರ್" ಎಂದಳು. ಅವಳ ಮುಖ ನೋಡಲು ನನ್ನ ಕೈಯಲ್ಲಿ ಆಗಲಿಲ್ಲ. ಎದ್ದು ಅವಳ ಬಾಯಿ ಮುಚ್ಚಬೇಕೆನಿಸಿತು. ಅಕ್ಕನ ಡಬ್ಬಿ ಕಣ್ಣ ಮುಂದೆ ಬಂತು, ನಾನು ಏಳಲಿಲ್ಲ.

"ಆ ಅಟ್ಟದವರು ಇನ್ನೂ ಇದ್ದಾರೆ, ಅದೇ ಮನೇಲಿ. ಹೊರಗೆ ಬರಲ್ಲ. ಈಗ ಅವರನ್ನ ಚಿಕ್ಕಪ್ಪ ಅಂತಾರೆ."

ಕುರ್ಚಿ ಹಿಂದಕ್ಕೆ ಬಿದ್ದ ಸದ್ದಾಯಿತು. ಡ್ರೈವರ್ ಬಾಗಿಲ ಕಡೆ ಓಡಿದ. ಮೆಟ್ಟಿಲಿಳಿದು ರಸ್ತೆಯಲ್ಲಿ ಅವನು ಓಡುವುದು ಕಿಟಕಿಯಿಂದ ಕಾಣುತ್ತಿತ್ತು. ಕೊಡೆಯಜ್ಜ ಏನಾಯಿತೆಂದು ನಮ್ಮೊಬ್ಬೊಬ್ಬರ ಮುಖವನ್ನೂ ನೋಡಿದ.

ಅತ್ತೆ ಅತ್ತ ತಿರುಗಲಿಲ್ಲ. ಎಡಗಿವಿಯನ್ನು ಫೋನಿಗೆ ತಗುಲುವಷ್ಟು ಹತ್ತಿರ ತಂದಳು.

"ಜೀವಂತ ಇದ್ದಾಳಾ?"

ಟಕ್‌ಟಕ್.

"ಬರೋ ಗುರುವಾರ ಇನ್ನೊಂದು ಹೇಳ್ತೀನಿ" ಎಂದಳು ಅತ್ತೆ.